ವಯಸ್ಸು ಬರೆಯದ ನಲವತ್ತೊಂದು ಸಾವಿರ ಮೀನುಗಳು

ತಿರುವಲ್ಲಿಕ್ಕೇಣಿ, ಚೆನ್ನೈ
ಭಾನುವಾರ, 13 ಜುಲೈ 2025

ಚಿ. ಉಪೇಂದ್ರನಿಗೆ,

ಅಕ್ಕನ ಆಶೀರ್ವಾದ. ಸುಮೇಧಾಗೂ ತಿಳಿಸು. ಮೇ ತಿಂಗಳಲ್ಲಿ ನೀವಿಬ್ಬರೂ ಧಾರವಾಡದಿಂದ ಕಳಿಸಿದ ಆಪೂಸಿನ ಪೆಟ್ಟಿಗೆ ಬಂತು, ಹಣ್ಣು ತಿಂದಾಯಿತು, ಎದುರು ಮನೆಯವರಿಗೂ ಕೊಟ್ಟಾಯಿತು. ಪೆಟ್ಟಿಗೆಯಲ್ಲಿದ್ದ ನಿನ್ನ ನಾಲ್ಕು ಸಾಲಿನ ಚೀಟಿಗೆ ಉತ್ತರ ಮಾತ್ರ ಈಗ ಬರೆಯುತ್ತಿದ್ದೇನೆ. ಬೈಯಬೇಡ. ಫೋನು ಮಾಡಬಹುದಿತ್ತಲ್ಲ ಅನ್ನುತ್ತೀ. ಮಾಡಬಹುದಿತ್ತು. ಆದರೆ ನಾನು ಮೀನಿನ ಸುದ್ದಿ ಎತ್ತಿದ ಕೂಡಲೇ ನೀನು "ಅಕ್ಕ, ಇವತ್ತು ಅಡಿಗೆ ಏನು?" ಅಂತ ಕೇಳುತ್ತೀ. ಇಪ್ಪತ್ತೊಂದು ವರ್ಷದಿಂದ ಹೀಗೇ ನಡೆದಿದೆ. ಕಾಗದದಲ್ಲಾದರೆ ನೀನು ನಡುವೆ ಮಾತು ಬದಲಾಯಿಸಲಾರೆ.

ನಾನು ಕ್ಷೇಮ. ಮಂಡಿನೋವು ಇದ್ದ ಹಾಗೇ ಇದೆ. ನಮ್ಮ ಬೀದಿಯನ್ನು ಯಾರೋ ಅಗೆದು ಹೋಗಿದ್ದಾರೆ, ಮುಚ್ಚುವವರು ಯಾರೆಂದು ಕೇಳಿದರೆ ಪ್ರತಿಯೊಬ್ಬರೂ ಇನ್ನೊಬ್ಬರತ್ತ ಕೈ ತೋರಿಸುತ್ತಾರೆ. ಆಗಸ್ಟ್ ಮೂವತ್ತೊಂದಕ್ಕೆ ನನಗೆ ನಿವೃತ್ತಿ. ಸಂಸ್ಥೆಯಲ್ಲಿ ಶಾಲು, ಹಾರ, ಒಂದು ಗಡಿಯಾರ ಕೊಡುತ್ತಾರಂತೆ. ಇನ್ನು ಮೇಲೆ ಹೊತ್ತು ನೋಡಿಕೊಂಡು ಏನು ಮಾಡಬೇಕೋ ಕೊಡುವವರೇ ಹೇಳಬೇಕು.

ತಲೆ ಕೆಟ್ಟುಹೋಗಿದೆ, ಉಪೇಂದ್ರ. ಕಾರಣ ಹೇಳುತ್ತೇನೆ, ತಾಳ್ಮೆಯಿಂದ ಓದು.

ನನ್ನ ಕೆಲಸ ಏನೆಂದು ನಿನಗೆ ಗೊತ್ತು. ವಾರಕ್ಕೆ ಎರಡು ದಿನ ಬೆಳಕು ಹರಿಯುವ ಮೊದಲೇ ಕಾಸಿಮೇಡಿನ ಬಂದರಿಗೆ ಹೋಗಬೇಕು. ಹರಾಜಿಗೆ ಇಳಿಸಿದ ವಂಜರಂ ಮೀನುಗಳ (ಕರಾವಳಿಯವರು ಅಂಜಲ್ ಅನ್ನುತ್ತಾರಲ್ಲ, ಅದೇ) ಉದ್ದ, ತೂಕ, ಗಂಡೋ ಹೆಣ್ಣೋ, ಹೊಟ್ಟೆಯಲ್ಲಿ ಮೊಟ್ಟೆ ಬಲಿತಿದೆಯೋ ಇಲ್ಲವೋ, ಇಷ್ಟನ್ನೂ ಬರೆದುಕೊಂಡು ಬರಬೇಕು. ಮಾಧ್ವರ ಮನೆಯ ಹುಡುಗಿ ಮೀನಿನ ಹೊಟ್ಟೆ ಸೀಳುವ ಕೆಲಸಕ್ಕೆ ಸೇರಿದಳೆಂದು ಅಮ್ಮ ಮೊದಲ ವರ್ಷವಿಡೀ ಹಿತ್ತಲ ಬಾಗಿಲಲ್ಲಿ ಬಿಸಿನೀರಿನ ಬಕೆಟ್ ಇಟ್ಟುಕೊಂಡು ಕಾಯುತ್ತಿದ್ದಳು. ಸ್ನಾನ ಆಗದೆ ಹೊಸಿಲು ದಾಟಿಸುತ್ತಿರಲಿಲ್ಲ. ಹಾಗೆ ಮೂವತ್ತೊಂದು ವರ್ಷ, ನಲವತ್ತೊಂದು ಸಾವಿರ ಮೀನು. ಒಂದೂ ಸುಳ್ಳು ಅಂಕಿ ಬರೆದಿಲ್ಲ. ಜ್ವರ ಬಂದ ದಿನ ಖಾಲಿ ಬಿಟ್ಟಿದ್ದೇನೆಯೇ ಹೊರತು ಊಹಿಸಿ ತುಂಬಿಲ್ಲ.

ಫೆಬ್ರವರಿಯಲ್ಲಿ ನಮ್ಮ ನಿರ್ದೇಶಕ ಬದರಿನಾಥ ಕರೆಸಿದರು. "ನೋಡಿ ಲಕ್ಷ್ಮೀ, ಬಲೆ ಕಣ್ಣಿನ ವಿಷಯಕ್ಕೆ ಗೌರ್ಮೆಂಟ್ ಕಮಿಟಿ ಕೂತಿದೆ. ನಿಮ್ಮತ್ರ ಇಷ್ಟೊಂದು ಡೇಟಾ ಇದೆಯಲ್ಲ, ರಿಟೈರ್ ಆಗೋಕೆ ಮುಂಚೆ ಒಂದು ಇಪ್ಪತ್ತು ಪೇಜ್ ರಿಪೋರ್ಟ್ ಬರ್ಕೊಟ್ಬಿಡಿ. ಬಲೆ ಕಣ್ಣು ದೊಡ್ಡದು ಮಾಡಿ ಅಂತ ಮುಗಿಸಿದ್ರೆ ಸಾಕು, ಅವ್ಳೋದಾನ್," ಅಂದರು.

ನನಗೂ ಅದು ಸರಿ ಅನ್ನಿಸಿತ್ತು. ನನ್ನ ಮೊದಮೊದಲ ಅಳತೆ ಪುಸ್ತಕಗಳಲ್ಲಿ ಹೆಣ್ಣು ವಂಜರಂ ಎಪ್ಪತ್ತು ಸೆಂಟಿಮೀಟರ್ ಮುಟ್ಟಿದ ಮೇಲೆಯೇ ಮೊಟ್ಟೆ ಕಟ್ಟುತ್ತಿತ್ತು. ಈಗ ಐವತ್ತೆಂಟಕ್ಕೇ ಕಟ್ಟುತ್ತಿದೆ. ಸಮುದ್ರ ಬಿಸಿಯಾಯಿತು, ಮೇವು ಕಡಿಮೆಯಾಯಿತು ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳಿದ್ದೆ. ಬಲೆಯ ಕಣ್ಣು ದೊಡ್ಡದಾದರೆ ಚಿಕ್ಕವು ನುಸುಳಿ ಹೋಗಿ ಬದುಕುತ್ತವೆ, ದೊಡ್ಡವಾಗುತ್ತವೆ. ಇದರಲ್ಲಿ ತಲೆ ಕೆಡಿಸಿಕೊಳ್ಳುವುದು ಏನಿದೆ ಅಂದುಕೊಂಡೆ.

ಅಂಕಿಗಳನ್ನು ಹೊಂದಿಸಲು ಒಬ್ಬಳನ್ನು ಕೊಟ್ಟರು. ವೀಕ್ಷಾ ಅಂತ, ಇಪ್ಪತ್ತೇಳು ವರ್ಷ. ಅಣ್ಣಾ ನಗರದಲ್ಲಿ ಅವಳ ಅಪ್ಪನದು ಹೋಟೆಲು, ಉಡುಪಿ ಕಡೆಯವರು. ಹುಡುಗಿ ಗಣಿತ ಓದಿ, ಜೀವಿಗಳ ಬಗ್ಗೆ ಸಮೀಕರಣ ಬರೆದು ಡಾಕ್ಟರೇಟ್ ತೆಗೆದುಕೊಂಡವಳು. ಜೀವಮಾನದಲ್ಲಿ ಒಂದು ಮೀನನ್ನೂ ಮುಟ್ಟಿರಲಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ, ತಮಿಳಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ. ಮೂರು ದಿನ ನನ್ನ ಪುಸ್ತಕಗಳನ್ನೆಲ್ಲ ಕಂಪ್ಯೂಟರಿನಲ್ಲಿ ತಿರುವಿಹಾಕಿ ನಾಲ್ಕನೆಯ ದಿನ ನನ್ನ ಮೇಜಿನ ಮುಂದೆ ಬಂದು ನಿಂತಳು.

"ಮೇಡಂ, ಏಜ್ ಕಾಲಂ ಎಂಗೆ? ಎಲ್ಲಿ?"

"ಯಾವ ಏಜು?"

"ಮೀನಿಂದು. ವಯಸ್ಸು. ಉದ್ದ ಇದೆ, ತೂಕ ಇದೆ, ಮೊಟ್ಟೆ ಇದೆ. ವಯಸ್ಸು ಇಲ್ಲ."

"ಮೀನು ಬರ್ತ್ ಸರ್ಟಿಫಿಕೇಟ್ ತಗೊಂಡು ಬರಲ್ಲಮ್ಮ," ಅಂದೆ.

ನಗಲಿಲ್ಲ ಕಣೋ. "ಕಿವಿಯಲ್ಲಿ ಕಲ್ಲು ಇರುತ್ತಲ್ಲ ಮೇಡಂ. ಅದನ್ನು ಯಾಕೆ ಎತ್ತಿಡಲಿಲ್ಲ?" ಅಂದಳು.

ನನಗೆ ಎಲ್ಲಿತ್ತೋ ಸಿಟ್ಟು! ಮೀನಿನ ತಲೆಯೊಳಗೆ ಅಕ್ಕಿನುಚ್ಚಿನಷ್ಟು ಒಂದು ಕಲ್ಲಿರುತ್ತದೆ, ಮರದ ಕಾಂಡದಂತೆ ಅದರಲ್ಲೂ ಸುತ್ತುಗೆರೆಗಳಿರುತ್ತವೆ, ಎಣಿಸಿದರೆ ವಯಸ್ಸು ತಿಳಿಯುತ್ತದೆ. ನನಗೆ ಗೊತ್ತಿಲ್ಲವೇ? ಆದರೆ ತಲೆ ಸೀಳಿದ ಮೀನನ್ನು ಯಾರು ಕೊಳ್ಳುತ್ತಾರೆ? ಅದಕ್ಕೆ ಬೇರೆ ಅನುಮತಿ ಬೇಕು, ಬೇರೆ ಸಹಾಯಕರು ಬೇಕು. ಯಾರೂ ಕೇಳಲಿಲ್ಲ, ನಾನೂ ಎತ್ತಿಡಲಿಲ್ಲ. ಇವಳು ಬಂದು ನಾಲ್ಕು ದಿನಕ್ಕೆ ನನ್ನನ್ನು ಕಟಕಟೆಯಲ್ಲಿ ನಿಲ್ಲಿಸುವುದೇ?

"ಜೀವ ಅನ್ನೋದು ನಿನ್ನ ಬೋರ್ಡಿನ ಮೇಲೆ ಇರಲ್ಲ," ಎಂದು ಕೂಗಾಡಿದೆ. "ಒಂದು ಮೀನಿನ ಹಾಗೆ ಇನ್ನೊಂದು ಇರಲ್ಲ. ಕಲ್ಲು ಕೆಳಗೆ ಬೀಳೋದಕ್ಕೆ ಸಿದ್ಧಾಂತ ಮಾಡು, ಬೇಡ ಅನ್ನಲ್ಲ. ವಂಜರಂಗೆ ಯಾತರ ಸಿದ್ಧಾಂತ?" ನಮ್ಮ ಮನೆಯಲ್ಲಿ ಸಿದ್ಧಾಂತ ಅಂದರೆ ಮಠದಲ್ಲಿ ಪಾಠ ಹೇಳುವುದಷ್ಟೇ ಆಗಿತ್ತು, ಅದು ಬೇರೆ.

ಅವಳು ಅಳಲೂ ಇಲ್ಲ, ಎದ್ದು ಹೋಗಲೂ ಇಲ್ಲ. ಒಂದು ಹಾಳೆ ಎಳೆದುಕೊಂಡು, ನಿಧಾನವಾಗಿ, ನನ್ನ ಮಂದಬುದ್ಧಿಗೆ ತಕ್ಕ ಹಾಗೆ ವಿವರಿಸಿದಳು. "ನಿಮ್ಮ ಪುಸ್ತಕದಲ್ಲಿ ಒಂದು ಚಿಕ್ಕ ತಾಯಿ ಮೀನು ಇದೆ ಅಂತ ಇಟ್ಟುಕೊಳ್ಳಿ. ಅದು ಯಾಕೆ ಚಿಕ್ಕದು? ಊಟ ಸಿಗದೆ ಬೆಳೆಯಲೇ ಇಲ್ಲ, ವಯಸ್ಸು ಮಾತ್ರ ಆಗಿದೆ, ಹೀಗಿರಬಹುದು. ಇಲ್ಲಾಂದ್ರೆ ಮಗು ವಯಸ್ಸಿಗೇ ತಾಯಿ ಆಗಿದೆ. ಹೊರಗಿಂದ ನೋಡಿದ್ರೆ ಎರಡೂ ಒಂದೇ ಉದ್ದ."

ಮೊದಲನೆಯದಾದರೆ ಮೇವು ಸುಧಾರಿಸಿದ ದಿನ ಮೀನೂ ಸುಧಾರಿಸುತ್ತದೆ. ಎರಡನೆಯದಾದರೆ ಕಥೆ ಬೇರೆ. ನಿಧಾನವಾಗಿ ದೊಡ್ಡದಾಗಿ ಆಮೇಲೆ ಮೊಟ್ಟೆ ಇಡುವ ಸಂತತಿಯನ್ನು ನಾವು ಮೊಟ್ಟೆ ಇಡುವ ಮೊದಲೇ ಹಿಡಿದು ತಿಂದಿದ್ದೇವೆ. ಅವಸರದಲ್ಲಿ ಚಿಕ್ಕದಿರುವಾಗಲೇ ಇಡುವ ಸಂತತಿ ಉಳಿದುಕೊಂಡಿದೆ. ರೈತ ಗಟ್ಟಿ ತೆನೆಯನ್ನು ಬೀಜಕ್ಕೆ ಎತ್ತಿಟ್ಟು ಮಿಕ್ಕದ್ದನ್ನು ಉಣ್ಣುತ್ತಾನೆ. ನಾವು ಗಟ್ಟಿಯದನ್ನು ಉಂಡು ಜೊಳ್ಳನ್ನು ಬೀಜಕ್ಕೆ ಬಿಟ್ಟಿದ್ದೇವೆ. ಹಾಗಿದ್ದಲ್ಲಿ ಬಲೆಯ ಕಣ್ಣು ಇನ್ನೂ ದೊಡ್ಡದು ಮಾಡಿದರೆ ದೊಡ್ಡವೇ ಹೆಚ್ಚು ಸಿಗುತ್ತವೆ, ಮೀನು ಇನ್ನೂ ಗಿಡ್ಡವಾಗುತ್ತದೆ. ನನ್ನ ಇಪ್ಪತ್ತು ಪುಟದ ವರದಿ ಕಾಸಿಮೇಡಿನವರ ಹೊಟ್ಟೆಗೆ ಕಲ್ಲು ಹಾಕುವ ವರದಿಯಾಗುತ್ತದೆ.

"ಯಾವುದು ನಿಜ?" ಅಂದೆ.

"ಅದಕ್ಕೇ ಮೇಡಂ ಕೇಳಿದ್ದು, ಏಜ್ ಕಾಲಂ ಎಲ್ಲಿ ಅಂತ."

ಮರುದಿನ ಅವಳಿಗೆ ಪಾಠ ಕಲಿಸಬೇಕೆಂದೇ ಕಾಸಿಮೇಡಿಗೆ ಕರೆದುಕೊಂಡು ಹೋದೆ. ಸಣ್ಣ ಬುದ್ಧಿ ಅನ್ನು, ಪರವಾಗಿಲ್ಲ. ಐಸು ಕರಗಿದ ನೀರಿನಲ್ಲಿ ಎರಡು ಸಲ ಜಾರಿದಳು, ಒಂದು ಸಲ ವಾಂತಿ ಮಾಡಿಕೊಂಡಳು. ದೇಸಮ್ಮ ಅವಳನ್ನು ಎಬ್ಬಿಸಿ ಕೂರಿಸಿ, ಮುಖ ತೊಳೆಸಿ ಒಣಶುಂಠಿಯ ಸುಕ್ಕು ಕಾಫಿ ಕುಡಿಸಿದಳು. ದೇಸಮ್ಮ ಅಂದರೆ ಅಲ್ಲಿ ಮೀನು ಕೊಯ್ದು ಮಾರುವವಳು. ನಾನು ಕೆಲಸಕ್ಕೆ ಸೇರಿದ ದಿನದಿಂದ ಅವಳೇ ನನಗೆ ಅಳೆಯಲು ಮೀನು ಕೊಡುತ್ತಿರುವುದು. ಹುಡುಗಿ ಕಾಫಿ ಕುಡಿದು ಚೇತರಿಸಿಕೊಂಡವಳೇ ದೇಸಮ್ಮನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಮೊಟ್ಟೆ ಇರುವ ಮೀನುಗಳ ತಲೆ ಮೊದಲಿಗೂ ಈಗಕ್ಕೂ ಏನಾದರೂ ಬೇರೆ ಇದೆಯೇ ಎಂದು ತಮಿಳಿನಲ್ಲಿ ಕೇಳಿದಳು.

ದೇಸಮ್ಮ ಕತ್ತಿ ಕೆಳಗಿಟ್ಟಳು. "ಆಮಾ ಕಣ್ಣು, ಇರುಕ್ಕೇ," ಅಂದಳು. ಹೌದು ಮಗು, ಇದೆಯಲ್ಲ. ಇಪ್ಪತ್ತು ವರ್ಷದ ಕೆಳಗೆ ಮೊಟ್ಟೆಯಿರುವ ವಂಜರಂನ ತಲೆ ಎರಡಾಗಬೇಕಾದರೆ ಎರಡು ಏಟು, ಮೂರು ಏಟು ಹಾಕಬೇಕಾಗಿತ್ತಂತೆ, ಅಷ್ಟು ಗಟ್ಟಿ. ಈಗ ಒಂದೇ ಏಟಿಗೆ ಬೆಣ್ಣೆಯ ಹಾಗೆ ಸೀಳುತ್ತದಂತೆ. "ಎಲ್ಲಾಂ ಚಿನ್ನ ಪೊಣ್ಣುಂಗ," ಅಂದಳು. ಎಲ್ಲ ಚಿಕ್ಕ ಹುಡುಗಿಯರು, ಎಳೆ ವಯಸ್ಸಿಗೇ ಬಸಿರು.

ನಾನು ಅಲ್ಲೇ ನಿಂತಿದ್ದೆ, ಕೈಯಲ್ಲಿ ಅಳತೆಪಟ್ಟಿ. "ದೇಸಮ್ಮಾ, ಮೂವತ್ತು ವರ್ಷದಲ್ಲಿ ಒಂದು ದಿನವಾದರೂ ಇದನ್ನು ನನಗೆ ಯಾಕೆ ಹೇಳಲಿಲ್ಲ?" ಎಂದು ತಮಿಳಿನಲ್ಲಿ ರೇಗಿದೆ.

ಅವಳಿಗೆ ಆಶ್ಚರ್ಯ. "ನೀ ಕೇಕ್ಕವೇ ಇಲ್ಲಯೇಮ್ಮಾ," ಅಂದಳು. ನೀನು ಕೇಳಲೇ ಇಲ್ಲವಲ್ಲಮ್ಮ. ನೀನು ಉದ್ದ ಕೇಳಿದೆ, ಉದ್ದ ತೋರಿಸಿದೆ.

ಬಸ್ಸಿನಲ್ಲಿ ಬರುವಾಗ ವೀಕ್ಷಾ ಗೆದ್ದೆನೆಂದು ಬೀಗುತ್ತಾಳೆ ಅಂದುಕೊಂಡಿದ್ದೆ. ಬೀಗಲಿಲ್ಲ. "ಇದು ಪ್ರೂಫ್ ಅಲ್ಲ ಮೇಡಂ. ಕತ್ತಿ ಮೊದಲಿಗಿಂತ ಚೂಪಾಗಿರಬಹುದು, ಅವರ ಕೈಗೆ ಅಭ್ಯಾಸ ಆಗಿರಬಹುದು," ಅಂದಳು. ಆಗ ಮೊದಲ ಬಾರಿಗೆ ಅವಳ ಮೇಲೆ ಸ್ವಲ್ಪ ಗೌರವ ಹುಟ್ಟಿತು. ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಕೈ ನೋಯುತ್ತಿದೆ. ಮಿಕ್ಕದ್ದು ನಾಡಿದ್ದು.

ಮಂಗಳವಾರ

ಈಗ ನಿನಗೆ ಸಂಬಂಧಿಸಿದ ವಿಷಯಕ್ಕೆ ಬರುತ್ತೇನೆ.

ಏಪ್ರಿಲಿನಲ್ಲಿ ಹುಡುಗಿ ತನ್ನ ಸಮೀಕರಣಗಳನ್ನು ನನಗೆ ತೋರಿಸಿದಳು. ಮೀನು ದೊಡ್ಡದಾದಷ್ಟೂ ಬಲೆಗೆ ಬೀಳುವ ಸಾಧ್ಯತೆ ಹೆಚ್ಚುತ್ತಲೇ ಹೋಗುತ್ತದೆ ಎಂದು ಬರೆದುಕೊಂಡಿದ್ದಳು. ನನಗೆ ನಗು ತಡೆಯಲಾಗಲಿಲ್ಲ. "ನೀನು ಬಲೆ ನೋಡಿದೀಯಾ?" ಅಂದೆ. ವಂಜರಂಗೆ ಬಿಡುವ ಬಲೆಯಲ್ಲಿ ಮೀನು ಕಿವಿರಿನ ಹತ್ತಿರ ಸಿಕ್ಕಿಕೊಳ್ಳುತ್ತದೆ. ತೀರ ಚಿಕ್ಕದು ನುಸುಳಿ ಹೋಗುತ್ತದೆ. ತೀರ ದೊಡ್ಡದರ ತಲೆ ಬಲೆಯ ಕಣ್ಣಿನೊಳಗೆ ಹೋಗುವುದೇ ಇಲ್ಲ, ಮೂತಿ ತಗುಲಿಸಿ ಹಿಂದೆ ಸರಿದುಬಿಡುತ್ತದೆ. ಸಿಗುವುದು ನಡುವಿನವು. ಕಣ್ಣು ಎಷ್ಟು ದೊಡ್ಡದೋ ಆ ನಡು ಅಷ್ಟು ಮೇಲಕ್ಕೆ ಸರಿಯುತ್ತದೆ. ಕಾಸಿಮೇಡಿನಲ್ಲಿ ಬಲೆ ಹೆಣೆಯುವ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಅವಳು ಬಾಯಿ ತೆರೆದುಕೊಂಡು ಕೂತಳು. ಎರಡು ದಿನ ನಾಪತ್ತೆ. ಮೂರನೆಯ ದಿನ ಬಂದು, "ಮೇಡಂ, ನೀವು ಹೇಳಿದ್ದು ಸೇರಿಸಿದ ಮೇಲೆ ಎಲ್ಲಾ ಮಾರಿಪೋಚ್ಚು, ಬದಲಾಗೋಯ್ತು. ಎಲ್ಲಿ ಕಲ್ಲು ಹುಡುಕಬೇಕು, ಎಷ್ಟು ಹುಡುಕಬೇಕು ಅಂತ ಇಪ್ಪೊ ಗೊತ್ತಾಗುತ್ತೆ," ಅಂದಳು. ನಾವಿಬ್ಬರೂ ಕ್ಯಾಂಟೀನಿನಲ್ಲಿ ಕೂತು ಮೊದಲ ಸಲ ಒಟ್ಟಿಗೆ ಊಟ ಮಾಡಿದೆವು. ಅವಳ ಡಬ್ಬಿಯಲ್ಲಿ ಅಪ್ಪನ ಹೋಟೆಲಿನ ಗೋಳಿಬಜೆ ಇತ್ತು.

ಅದೇ ವಾರ ಹಳೆಯ ಪತ್ರಿಕೆಗಳನ್ನು ಹುಡುಕುತ್ತ ಒಂದು ಲೇಖನ ಹಿಡಿದು ಬಂದಳು. ಮೂರೇ ಪುಟ. 2004ರದು, ಯಾರೂ ಓದದ ಒಂದು ಪತ್ರಿಕೆಯಲ್ಲಿ ಬಂದದ್ದು.

"ಮೇಡಂ, ನಾವು ಹೇಳಬೇಕು ಅಂತಿರೋದನ್ನ ಇವರು ಇಪ್ಪತ್ತೊಂದು ವರ್ಷ ಮುಂಚೆ ಬರೆದಿಟ್ಟಿದ್ದಾರೆ! ಚೆನ್ನೈಯಲ್ಲಿ ಅಳೆಯುವವರು ಇವತ್ತಿಂದಲೇ ಕಿವಿಕಲ್ಲು ಎತ್ತಿಡಲಿ, ಆಮೇಲೆ ಕೇಳಿದರೆ ಸಿಗಲ್ಲ ಅಂತ ಕಡೇ ಸಾಲು. ಆಮೇಲೆ ಇವರು ಏನೂ ಬರೆದೇ ಇಲ್ಲ. ಸತ್ತು ಹೋದ್ರಾ?"

ಹೆಸರು ನೋಡದೆಯೇ ನನಗೆ ಗೊತ್ತಾಯಿತು.

"ಇಲ್ಲ. ಧಾರವಾಡದಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡ್ತಾನೆ. ನನ್ನ ತಮ್ಮ," ಅಂದೆ.

ಅವಳ ಮುಖ ನೀನು ನೋಡಬೇಕಿತ್ತು. ಒಂದು ಸಲ ಪುಟ ನೋಡುತ್ತಾಳೆ, ಒಂದು ಸಲ ನನ್ನನ್ನು. "ನಿಮ್ಮ ತಮ್ಮನಾ? ಆದರೂ ನೀವು ಕಲ್ಲು..." ಎಂದು ಶುರುಮಾಡಿ ಅಲ್ಲಿಗೇ ನುಂಗಿಕೊಂಡಳು. ಆಮೇಲೆ, "ಯಾಕೆ ಬಿಟ್ಟರು?" ಎಂದು ಕೇಳಿದಳು. ಸಂಶೋಧನೆಗೆ ಅನುದಾನ ಸಿಗಲಿಲ್ಲ, ಅದಕ್ಕೆ ಬಿಟ್ಟ ಎಂದೆ.

ನಿನ್ನ ಮೂರು ಪುಟವನ್ನು ಆ ದಿನ ಕೂತು ಓದಿದೆ. ಈ ಸಲ ನಿಜವಾಗಿ ಓದಿದೆ. ಬಲೆಯ ವಿಷಯದಲ್ಲಿ ನೀನೂ ಅವಳ ತಪ್ಪನ್ನೇ ಮಾಡಿದ್ದೀ, ದೊಡ್ಡದೆಲ್ಲ ಸಿಗುತ್ತದೆಂದು ಹಿಡಿದಿದ್ದೀ. ಮಿಕ್ಕದ್ದೆಲ್ಲ ಸರಿ. ನೀನು ಕೇಳಿದ್ದರೆ ನಾನು ಒಂದು ವಾಕ್ಯದಲ್ಲಿ ತಿದ್ದಿಕೊಡುತ್ತಿದ್ದೆ. ನೀನು ಕೇಳಲಿಲ್ಲ. ಒಂದೇ ಮನೆಯಲ್ಲಿ ಹುಟ್ಟಿ ಒಂದೇ ತಟ್ಟೆಯಲ್ಲಿ ಉಂಡ ನಾವಿಬ್ಬರೂ, ನೀನು ಅಲ್ಲಿ ಮೀನಿಲ್ಲದ ಕಾಗದ ತುಂಬಿಸುತ್ತ, ನಾನು ಇಲ್ಲಿ ಪ್ರಶ್ನೆಯಿಲ್ಲದ ಪುಸ್ತಕ ತುಂಬಿಸುತ್ತ ಇದ್ದೆವು. ಎಂಥ ದಡ್ಡರು!

ಮುಂದೇನಾಯಿತೆಂದು ಹೇಳಿ ಮುಗಿಸುತ್ತೇನೆ. ಬದರಿನಾಥರ ಮುಂದೆ ಹೋಗಿ, ಈ ವರದಿಗೆ ಸಹಿ ಹಾಕಲಾರೆ, ಬಲೆಯ ಕಣ್ಣು ದೊಡ್ಡದು ಮಾಡಿ ಎನ್ನಲು ನನ್ನ ಅಂಕಿಗಳಿಂದ ಆಗುವುದಿಲ್ಲ ಎಂದೆ. "ನಲವತ್ತೊಂದು ಸಾವಿರ ಮೀನು ಅಳೆದು ಏನೂ ಹೇಳೋಕಾಗಲ್ಲ ಅಂದ್ರೆ, ಇಷ್ಟು ವರ್ಷ ಸರ್ಕಾರ ನಿಮಗೆ ಸಂಬಳ ಕೊಟ್ಟಿದ್ದು ಎದುಕ್ಕು?" ಅಂದರು. ಎರಡು ದಿನ ಊಟ ಸೇರಲಿಲ್ಲ. ನನ್ನ ಹೆಸರು ತೆಗೆದು ಬೇರೆಯವರ ಕೈಯಲ್ಲಿ ಸಹಿ ಹಾಕಿಸಿ ಕಳಿಸಿದರು. ನಾನೂ ವೀಕ್ಷಾಳೂ ಎರಡು ಪುಟದ ಬೇರೆ ಟಿಪ್ಪಣಿ ಕಳಿಸಿದೆವು. ಎರಡು ಊಹೆಗಳಿವೆ, ಯಾವುದು ನಿಜವೆಂದು ತಿಳಿಯಲು ಇಂಥ ಅಳತೆಯ ಇಷ್ಟು ಮೀನಿನ ವಯಸ್ಸು ಬೇಕು, ಅಲ್ಲಿಯವರೆಗೆ ಬಲೆ ಮುಟ್ಟಬೇಡಿ ಎಂದು. ಕಮಿಟಿ ಕಳೆದ ವಾರ ಕೂತು ತೀರ್ಮಾನವನ್ನು ಮಳೆಗಾಲ ಮುಗಿಯುವವರೆಗೆ ಮುಂದೂಡಿತು. ನಮ್ಮ ಟಿಪ್ಪಣಿ ಓದಿ ಎಂದುಕೊಂಡೆಯಾ? ಹೊಸ ಬಲೆ ಕೊಳ್ಳಬೇಕಾಗುತ್ತದೆಂದು ದೋಣಿ ಮಾಲೀಕರು ಗಲಾಟೆ ಮಾಡಿದರಂತೆ, ಅದಕ್ಕೆ. ನಮ್ಮ ಎರಡು ಪುಟ ಯಾರೂ ತೆರೆದೇ ನೋಡಿಲ್ಲ. ತಲೆ ಚಚ್ಚಿಕೊಳ್ಳಬೇಕು ಅನ್ನಿಸುವುದಿಲ್ಲವೇ?

ಜೂನ್ ಮಧ್ಯದಲ್ಲಿ ಮೀನುಗಾರಿಕೆಯ ನಿಷೇಧ ಮುಗಿದು ದೋಣಿಗಳು ಹೊರಟ ದಿನದಿಂದ ನಾವು ಕಿವಿಕಲ್ಲು ತೆಗೆಯುತ್ತಿದ್ದೇವೆ. ದೇಸಮ್ಮ ತಲೆ ಸೀಳುವಾಗ ನಾನು ಚಿಮುಟದಲ್ಲಿ ಕಲ್ಲು ಎತ್ತಿ ಚಿಕ್ಕ ಪೊಟ್ಟಣ ಕಟ್ಟುತ್ತೇನೆ, ವೀಕ್ಷಾ ಅದರ ಮೇಲೆ ಅಳತೆ, ತಾರೀಕು ಬರೆಯುತ್ತಾಳೆ. ಈಗವಳಿಗೆ ವಾಂತಿ ಬರುವುದಿಲ್ಲ. ಇನ್ನೂರ ಹನ್ನೆರಡು ಜೋಡಿ ಆಗಿದೆ. ನಿಜ ತಿಳಿಯಲು ಹತ್ತು ವರ್ಷವಾದರೂ ಬೇಕು, ನನಗೆ ಉಳಿದಿರುವುದು ಏಳು ವಾರ. ಕಳೆದ ಮೂವತ್ತೊಂದು ವರ್ಷದ ತಲೆಗಳು ಸಾರಾಗಿ ಹೋದವು, ಅವು ಇನ್ನು ಬರುವುದಿಲ್ಲ.

ವೀಕ್ಷಾ ನಿನ್ನ ವಿಳಾಸ ಕೇಳುತ್ತಿದ್ದಾಳೆ. ಬರೆಯುವ ಲೇಖನದಲ್ಲಿ ನಿನ್ನ ಹೆಸರು ಮೊದಲಿರಬೇಕೆಂದು ಅವಳ ಹಟ. ನಿನ್ನನ್ನು ಕೇಳಿ ಕೊಡುತ್ತೇನೆ ಎಂದಿದ್ದೇನೆ. ದಿನಾ ಬಂದು "ತಮ್ಮ ಏನು ಹೇಳಿದರು?" ಅನ್ನುತ್ತಾಳೆ. ಇನ್ನೂ ಬರೆದೇ ಇಲ್ಲ ಎಂದು ಅವಳಿಗೆ ಹೇಳಲು ನಾಚಿಕೆ.

ಆರೋಗ್ಯ ನೋಡಿಕೋ. ಸುಮೇಧಾಳ ಬಿಪಿ ಮಾತ್ರೆ ತಪ್ಪಿಸಬೇಡ. ನಿನ್ನ ಮಕ್ಕಳೆಲ್ಲ, ಆ ಅರವತ್ತು ಜನ ಪಿಯುಸಿಯವರೂ ಸೇರಿ, ಚೆನ್ನಾಗಿರಲಿ. ದೇವರು ನಿನಗೆ ಆಯುಸ್ಸು, ನೆಮ್ಮದಿ ಎರಡೂ ಕೊಡಲಿ.

ನಿನ್ನ ಅಕ್ಕ,
ಲಕ್ಷ್ಮೀ

ತಾ.ಕ.: ಇದನ್ನು ಬರೆಯಲಿಕ್ಕೇ ಎರಡು ತಿಂಗಳು ತಡವಾದದ್ದು. 2004ರಲ್ಲಿ ನೀನು ಅನುದಾನಕ್ಕೆ ಕಳಿಸಿದ್ದ ಯೋಜನೆಯನ್ನು ಅಭಿಪ್ರಾಯಕ್ಕೆಂದು ಅನುದಾನ ಕೊಡುವವರು ನನಗೇ ಕಳಿಸಿದ್ದರು. ನಾವು ಅಕ್ಕ ತಮ್ಮ ಎಂದು ಅವರಿಗೆ ತಿಳಿಯುವ ಹಾಗಿರಲಿಲ್ಲ. ಮೊದಲ ಪುಟದಲ್ಲೇ ನಿನ್ನ ಹೆಸರಿತ್ತು. ಕೂಡಲೇ ಹಿಂತಿರುಗಿಸಬೇಕಿತ್ತು, ಹಿಂತಿರುಗಿಸಲಿಲ್ಲ. ಒಂಬತ್ತನೆಯ ಪುಟದಲ್ಲಿ ನೀನು, ಚೆನ್ನೈ ಬಂದರಿನಲ್ಲಿ ವರ್ಷಗಳಿಂದ ಅಳತೆ ನಡೆದಿದೆ, ಆದರೆ ಏಕೆ ಅಳೆಯುತ್ತಿದ್ದೇವೆಂದು ಅಳೆಯುವವರಿಗೆ ಗೊತ್ತಿಲ್ಲ ಎಂದು ಬರೆದಿದ್ದೆ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಬಲೆಯ ತಪ್ಪು ನನಗೆ ಅವತ್ತೇ ಕಂಡಿತ್ತು. ಬರೆದಿದ್ದರೆ ನೀನು ತಿದ್ದಿಕೊಳ್ಳುತ್ತಿದ್ದೆ, ದುಡ್ಡೂ ಸಿಗುತ್ತಿತ್ತು. ಬರೆಯಲಿಲ್ಲ. "ಇದರಲ್ಲಿ ಎಲ್ಲಿಯೂ ಮೀನಿಲ್ಲ, ಜೀವ ಎಂದರೇನೆಂದು ತಿಳಿಯದವರ ಲೆಕ್ಕಾಚಾರ" ಎಂದಷ್ಟೇ ಬರೆದು ಕಳಿಸಿದೆ. ಆ ದೀಪಾವಳಿಗೆ ನೀನು ಊರಿಗೆ ಬಂದು, ಬರೆದವರ ಹೆಸರಿಲ್ಲದೆ ನಿನ್ನ ಕೈ ಸೇರಿದ್ದ ಆ ಸಾಲನ್ನು ಅಮ್ಮನ ಮುಂದೆ ಓದಿ, ಇನ್ನು ಇದನ್ನು ಮಾಡುವುದಿಲ್ಲ ಅಂದೆ. ನಾನು "ಹೋಗಲಿ ಬಿಡೋ, ಊಟಕ್ಕೇಳು" ಅಂದೆ. ಅದನ್ನು ಬರೆದವನ ಕೈ ಸೇದಿಹೋಗಲಿ ಎಂದು ಅಮ್ಮ ಸಾಯುವವರೆಗೂ ಶಪಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಅವಳ ಕಾಲು ಒತ್ತುತ್ತಿದ್ದೆ.